ಬೆಂಚಿನ ಮೇಲೆ ಕಾಣದ ದೋಷ

1947ರ ಏಪ್ರಿಲ್. ನ್ಯೂಯಾರ್ಕ್ ರಾಜ್ಯದ ಮೊಹಾಕ್ ಕಣಿವೆಯಲ್ಲಿರುವ ಇಲಿಯನ್ ಎಂಬ ಸಣ್ಣ ಊರು. ರೆಮಿಂಗ್ಟನ್ ಕಾರ್ಖಾನೆಯ ಕೆಂಪಿಟ್ಟಿಗೆಯ ಎತ್ತರದ ಕಟ್ಟಡಗಳು ಊರಿನ ನಡುವೆಯೇ ನಿಂತಿವೆ. ಗೇಟು ದಾಟಿ ನೀವು ಒಳಗೆ ಬರುತ್ತೀರಿ. ಯಂತ್ರದೆಣ್ಣೆಯ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ, ಲೇತ್‌ಗಳ ಸದ್ದು ಆಮೇಲೆ ಕಿವಿಗೆ. ಒಂದು ಕಡೆ ಅಕ್ರೋಟು ಮರದ ಕುಂದಗಳು ಸಾಲಾಗಿ ಒರಗಿವೆ, ಇನ್ನೊಂದು ಕಡೆ ಹೊಳಪು ಹಾಕಬೇಕಾದ ನಳಿಗೆಗಳ ಕಟ್ಟು. ಎಲಿಫಲೆಟ್ ರೆಮಿಂಗ್ಟನ್ ಎಂಬ ಕಮ್ಮಾರನ ಮಗ 1816ರಲ್ಲಿ ತನ್ನ ಮೊದಲ ಕೋವಿ ಮಾಡಿದ್ದು ಇಲ್ಲಿಂದ ಹೆಚ್ಚು ದೂರವಲ್ಲದ ಕುಲುಮೆಯಲ್ಲಿ. 1828ರಲ್ಲಿ ಕಸುಬು ಈರಿ ಕಾಲುವೆಯ ದಂಡೆಗೆ ಇಳಿದು ಬಂತು. 1933ರಿಂದ ಒಡೆತನ ಡುಪಾಂಟ್ ಕಂಪನಿಯದು.

ಎರಡನೇ ಮಹಾಯುದ್ಧ ಮುಗಿದು ಇನ್ನೂ ಎರಡು ವರ್ಷ ತುಂಬಿಲ್ಲ. ಸೈನ್ಯದಿಂದ ಮನೆಗೆ ಮರಳಿದ ಗಂಡಸರಿಗೆ ಬೋಲ್ಟ್ ರೈಫಲ್ ಕೈಗೆ ಒಗ್ಗಿದೆ, ಜಿಂಕೆ ಬೇಟೆಗೆ ಹೋಗುವ ಆಸೆಯಿದೆ, ಕಿಸೆಯಲ್ಲಿ ಹೆಚ್ಚು ಹಣವಿಲ್ಲ. ಅವರಿಗೆಂದು ಕಂಪನಿ ಹೊಸದೊಂದು ರೈಫಲ್ ಸಿದ್ಧಪಡಿಸುತ್ತಿದೆ. ಮುಂದಿನ ವರ್ಷ 721, 722 ಎಂಬ ಹೆಸರಲ್ಲಿ ಅದು ಅಂಗಡಿಗೆ ಬರುತ್ತದೆ.

ಪರೀಕ್ಷಾ ಕೋಣೆಯ ಮೇಜಿನ ಮೇಲೆ ಅದರ ಟ್ರಿಗರ್ ಪೆಟ್ಟಿಗೆಯಿದೆ. ಕೈಗೆತ್ತಿಕೊಳ್ಳಿ. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಎರಡು ಉಕ್ಕಿನ ಹಾಳೆಗಳ ನಡುವೆ ಕೆಲವೇ ತುಂಡುಗಳು. ಫೈರಿಂಗ್ ಪಿನ್ನನ್ನು ಹಿಂದಕ್ಕೆ ಹಿಡಿದಿಡುವ ತುಂಡಿಗೆ ಸಿಯರ್ ಎನ್ನುತ್ತಾರೆ. ಸಿಯರ್ ಕೆಳಗೊಂದು ಆಸರೆಯಿರುತ್ತದೆ. ಬೆರಳು ಟ್ರಿಗರ್ ಎಳೆದಾಗ ಆಸರೆ ಸರಿಯುತ್ತದೆ, ಸಿಯರ್ ಕುಸಿಯುತ್ತದೆ, ಪಿನ್ ಮುನ್ನುಗ್ಗಿ ತೋಟಾದ ಬೆನ್ನಿಗೆ ಬಡಿಯುತ್ತದೆ. ಸಾಮಾನ್ಯವಾಗಿ ಆ ಆಸರೆ ಟ್ರಿಗರ್ರಿನದೇ ಒಂದು ಅಂಚು. ಇಲ್ಲಿ ಹಾಗಲ್ಲ. ಟ್ರಿಗರ್ರಿನ ಮುಂದೆ ಬೇರೆಯೇ ಆದ ತೆಳ್ಳನೆಯ ಉಕ್ಕಿನ ತುಂಡೊಂದು ಸ್ಪ್ರಿಂಗಿನ ಒತ್ತಡದಲ್ಲಿ ಅಂಟಿಕೊಂಡು ಕೂತಿದೆ. ಅದರ ಹೆಸರು ಕನೆಕ್ಟರ್. ಸಿಯರ್ ಕೂರುವುದು ಅದರ ನೆತ್ತಿಯ ಮೇಲೆ, ಅರ್ಧ ಮಿಲಿಮೀಟರಿನಷ್ಟು ಅಗಲದ ಜಾಗದಲ್ಲಿ.

ಇದನ್ನು ಯೋಚಿಸಿದವರು ಮೈಕ್ ವಾಕರ್ ಎಂಬ ಎಂಜಿನಿಯರ್. ಕೋವಿಯನ್ನು ಬಲ್ಲವರು, ಪ್ರೀತಿಸಿದವರು. ಕಾಗದದ ಗುರಿಯಲ್ಲಿ ಐದು ಗುಂಡೂ ಒಂದೇ ತೂತಿನಲ್ಲಿ ಹಾಯಬೇಕೆಂದು ಜೀವಮಾನವಿಡೀ ಹಟ ಹಿಡಿದ ಬೆಂಚ್‌ರೆಸ್ಟ್ ಗುರಿಕಾರರ ಬಳಗದವರು. 1950ರಲ್ಲಿ ಬಂದ .222 ರೆಮಿಂಗ್ಟನ್ ತೋಟಾ ಕೂಡ ಅವರದೇ ಕೆಲಸ. ಈ ಟ್ರಿಗರ್ ಒಮ್ಮೆ ಎಳೆದು ನೋಡಿ, ಯಾಕೆ ಜನ ಮೆಚ್ಚಿದರೆಂದು ಬೆರಳಿಗೇ ಗೊತ್ತಾಗುತ್ತದೆ. ಎಳೆತ, ಜಾರು, ಒರಟು ಏನೂ ಇಲ್ಲ. ಬೆರಳಿನ ಭಾರ ಒಂದು ಮಟ್ಟ ಮುಟ್ಟಿತೋ ಇಲ್ಲವೋ, ಟಕ್ಕೆಂದು ಬಿಡುತ್ತದೆ.

ಆದರೆ ಇನ್ನೊಮ್ಮೆ ಎಳೆಯಿರಿ, ಈ ಸಲ ಪಕ್ಕದಿಂದ ನೋಡುತ್ತಾ. ಟ್ರಿಗರ್ ಹಿಂದೆ ಸರಿದಾಗ ಬೀಳುವ ಸಿಯರ್ ಕನೆಕ್ಟರನ್ನು ಮುಂದಕ್ಕೆ ನೂಕುತ್ತದೆ. ಒಂದು ಕ್ಷಣ ಟ್ರಿಗರ್ರಿಗೂ ಕನೆಕ್ಟರ್ರಿಗೂ ನಡುವೆ ಸಂದು ಬಿಡುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಒಳಕ್ಕೆ ಒತ್ತಬೇಕು, ಸಾಮಾನ್ಯವಾಗಿ ಒತ್ತುತ್ತದೆ. ಆದರೆ ಆ ಸಂದಿನಲ್ಲಿ ಒಂದು ಚೂರು ಉಕ್ಕಿನ ಸಿಬಿರು, ಒಣಗಿ ಗೋಂದಾದ ಎಣ್ಣೆ, ಇಬ್ಬನಿ ಹೆಪ್ಪುಗಟ್ಟಿದ ಹರಳು ಸಿಕ್ಕಿದರೆ? ಕನೆಕ್ಟರ್ ಪೂರ್ತಿ ಮರಳುವುದಿಲ್ಲ. ಹಳೆಯ ಬಾಗಿಲಿನ ಅಗುಳಿ ಗೂಡಿಗೆ ಇಳಿಯದೆ ತುದಿಯಲ್ಲಷ್ಟೇ ಸಿಕ್ಕಿಕೊಂಡ ಹಾಗೆ ಸಿಯರ್ ನಿಂತಿರುತ್ತದೆ, ಅಥವಾ ಅಷ್ಟೂ ಇರದೆ ಕೋವಿ ಹಾರದಂತೆ ತಡೆಯುವ ಸೇಫ್ಟಿಯ ಮೇಲಷ್ಟೇ ಆತುಕೊಂಡಿರುತ್ತದೆ. ಆಗ ನೀವು ಸೇಫ್ಟಿ ಗುಂಡಿಯನ್ನು ಮುಂದಕ್ಕೆ ಸರಿಸಿದರೆ ಸಾಕು. ಟ್ರಿಗರ್ರಿಗೆ ಬೆರಳು ತಾಗಬೇಕಾಗಿಯೇ ಇಲ್ಲ.

ಇದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ ಎಂಬುದೇ ನನ್ನನ್ನು ಕಾಡುವುದು. 1947ರ ಏಪ್ರಿಲ್‌ನಲ್ಲಿಯೇ, ರೈಫಲ್ ಮಾರುಕಟ್ಟೆಗೆ ಬರುವ ಮುಂಚೆ, ಸೇಫ್ಟಿ ತೆಗೆದ ಕೂಡಲೇ ಕೋವಿ ತಾನಾಗಿ ಹಾರುವ ಸಾಧ್ಯತೆಯಿದೆ, ಇದು ತುಂಬ ಅಪಾಯ ಎಂದು ಕಾರ್ಖಾನೆಯ ಪರೀಕ್ಷಾ ವರದಿಯೊಂದು ಹೇಳಿತು. ಪರೀಕ್ಷೆ ಮಾಡುವವರು ತಮ್ಮ ಕೆಲಸ ಮಾಡಿದ್ದರು. ಮರುವರ್ಷ, 1948ರ ಆಗಸ್ಟಿನಲ್ಲಿ, ಟ್ರಿಗರ್ರನ್ನೇ ತಡೆದು ಹಿಡಿಯುವ ಬದಲಾದ ಸೇಫ್ಟಿಯೊಂದನ್ನು ಸ್ವತಃ ವಾಕರ್ ಸೂಚಿಸಿದರು. ಕೋವಿಯೊಂದಕ್ಕೆ ಹೆಚ್ಚುವ ಖರ್ಚು ಐದೂವರೆ ಸೆಂಟ್ ಎಂದು ಲೆಕ್ಕವೂ ಆಯಿತು. ಬದಲಾವಣೆ ಆಗಲಿಲ್ಲ. 1962ರಲ್ಲಿ ಇದೇ ಟ್ರಿಗರ್ ಹೊತ್ತ ಮಾಡೆಲ್ 700 ಹೊರಬಂತು. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಬೋಲ್ಟ್ ರೈಫಲ್‌ಗಳಲ್ಲಿ ಅದೂ ಒಂದಾಯಿತು. ಅದರ ಮೈಕಟ್ಟಿನ ಮೇಲೆಯೇ ಅಲ್ಲಿನ ನೌಕಾಪದಾತಿಯ ಎಂ40, ಭೂಸೇನೆಯ ಎಂ24 ಸ್ನೈಪರ್ ರೈಫಲ್‌ಗಳು ತಯಾರಾದವು. ಒಳ್ಳೆಯ ಕೋವಿ ಅಲ್ಲವೆಂದು ಯಾರೂ ಹೇಳುವಂತಿಲ್ಲ. ಗುರಿ ತಪ್ಪದ ಕೋವಿ ಅದು.

ಈಗ ನೀವು ಗ್ರಾಹಕರು. ಎಪ್ಪತ್ತರ ದಶಕದ ಒಂದು ನವೆಂಬರ್ ಸಂಜೆ ಎಂದಿಟ್ಟುಕೊಳ್ಳಿ. ದಿನವಿಡೀ ಹಿಮದಲ್ಲಿ ಅಲೆದು, ಜಿಂಕೆಯ ಜಾಡೂ ಸಿಗದೆ, ಜೀಪಿನ ಹತ್ತಿರ ಮರಳಿದ್ದೀರಿ. ಕೈಗವಸು ತೆಗೆದರೆ ಬೆರಳುಗಳಿಗೆ ಅರಿವಿಲ್ಲ. ತೋಟಾ ತುಂಬಿದ ಕೋವಿಯನ್ನು ಗಾಡಿಯೊಳಗೆ ಇಡಬಾರದು, ನಿಮ್ಮಪ್ಪ ಕಲಿಸಿದ ಪಾಠ ಅದು. ಹಾಗಾಗಿ ಖಾಲಿ ಮಾಡಲು ಹೊರಡುತ್ತೀರಿ. ತೋಟಾ ಹಾಕಿ ತೆಗೆಯುವ ಬೋಲ್ಟನ್ನು ಎತ್ತಲು ಹೋದರೆ ಏಳುವುದಿಲ್ಲ. ಸೇಫ್ಟಿ ಹಾಕಿರುವಾಗ ಬೋಲ್ಟ್ ಬೀಗ ಬಿದ್ದಿರುತ್ತದೆ, ಕಾಡಿನ ಪೊದೆಗಳಿಗೆ ಸಿಕ್ಕಿ ತಾನಾಗಿ ತೆರೆದುಕೊಳ್ಳದಿರಲೆಂದು ಮಾಡಿದ ವ್ಯವಸ್ಥೆ. ಅಂದರೆ ತೋಟಾ ಹೊರತೆಗೆಯಬೇಕಾದರೆ ಮೊದಲು ಸೇಫ್ಟಿ ತೆಗೆಯಲೇಬೇಕು.

ಕೊಡಗಿನ, ಮಲೆನಾಡಿನ ಓದುಗರಿಗೆ ಇದು ವಿಚಿತ್ರವೆನಿಸೀತು. ಗೋಡೆಯ ಗೂಟದಲ್ಲಿ ತೂಗುವ ನಮ್ಮ ಜೋಡುನಳಿಗೆ ಕೋವಿಯಲ್ಲಿ ಸೇಫ್ಟಿ ಹಾಕಿಯೇ ಇದ್ದರೂ ಮೇಲಿನ ಕೀಲಿ ತಿರುಗಿಸಿ ನಳಿಗೆ ಮಡಚಬಹುದು. ತೋಟಾದ ಹಿತ್ತಾಳೆಯ ಬೆನ್ನು ಎರಡೂ ಕಣ್ಣಿಗೆ ಕಾಣುತ್ತವೆ, ಬೆರಳಲ್ಲಿ ಎತ್ತಿ ಕಿಸೆಗೆ ಹಾಕಿಕೊಳ್ಳುತ್ತೀರಿ. ಖಾಲಿ ಮಾಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತಾಗುವ ಪ್ರಸಂಗ ಅಲ್ಲಿ ಬರುವುದಿಲ್ಲ. ಈ ರೈಫಲ್ಲಿನಲ್ಲಿ ಆ ಹೊತ್ತು ಪ್ರತಿ ಸಂಜೆಯೂ ಬರುತ್ತಿತ್ತು.

ಹೆಬ್ಬೆರಳು ಸೇಫ್ಟಿಯನ್ನು ಮುಂದಕ್ಕೆ ನೂಕುತ್ತದೆ.

ಢಮ್ಮೆಂದ ಸದ್ದಿಗೆ ನಿಮ್ಮ ಎದೆ ಹಾರಿಹೋಗುತ್ತದೆ. ಜೀಪಿನ ಮುಂಗಾಲಿಯ ಪಕ್ಕ ಹಿಮ ಸಿಡಿದು ಕಪ್ಪು ಮಣ್ಣು ಕಾಣುತ್ತಿದೆ. ಆಚೆ ಬದಿಯಲ್ಲಿ ನಿಂತ ಗೆಳೆಯನ ಕಡೆ ಗಾಬರಿಯಿಂದ ತಿರುಗುತ್ತೀರಿ. ಏನೂ ಆಗಿಲ್ಲ. ಆದರೆ ಅವನು ನೋಡುತ್ತಿರುವುದು ನೆಲವನ್ನಲ್ಲ, ನಿಮ್ಮ ತೋರುಬೆರಳನ್ನು.

"ನಾನು ಮುಟ್ಟಲಿಲ್ಲ ಮಾರಾಯ" ಎನ್ನುತ್ತೀರಿ. ಅವನು ಏನೂ ಅನ್ನುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ ಬೆರಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತೀರಿ. ಚಳಿಗೆ ಜೋಮು ಹಿಡಿದಿತ್ತಲ್ಲ, ತಗುಲಿರಬಹುದೇ? ಇಲ್ಲ, ತಗುಲಿರಲಿಲ್ಲ. ಖಂಡಿತವೇ? ಕೋವಿ ಹಿಡಿದವರ ಲೋಕದಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಗುಂಡು ಹಾರಿತೆಂದರೆ ಬೆರಳು ಎಳೆದಿದೆ ಎಂದೇ ಎಲ್ಲರ ತೀರ್ಮಾನ. ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ತನಗೇ ಗೊತ್ತಿಲ್ಲ. ಬಹಳ ಜನ ಈ ಕಾರಣಕ್ಕೇ ಬಾಯಿ ಮುಚ್ಚಿಕೊಂಡಿರಬೇಕು ಎಂದು ನನ್ನ ನಂಬಿಕೆ.

ನೀವು ಬಾಯಿ ಮುಚ್ಚಿಕೊಳ್ಳುವುದಿಲ್ಲ. ಟೈಪ್‌ರೈಟರಿನಲ್ಲಿ ಕಾಗದ ಹೊಡೆದು, ರೈಫಲ್ಲನ್ನು ರಟ್ಟಿನ ಪೆಟ್ಟಿಗೆಯಲ್ಲಿ ಭದ್ರಮಾಡಿ ಇಲಿಯನ್‌ಗೆ ಕಳಿಸುತ್ತೀರಿ.

ಈಗ ಮೇಜಿನ ಆಚೆ ಬದಿಗೆ ಬನ್ನಿ. ದುರಸ್ತಿ ವಿಭಾಗದ ಪರೀಕ್ಷಕರು ನೀವೇ. ಪೆಟ್ಟಿಗೆ ಬಿಚ್ಚುತ್ತೀರಿ, ಕಾಗದ ಓದುತ್ತೀರಿ. ಇಂಥ ದೂರು ಎಷ್ಟು ಬಂದಿವೆಯೆಂದರೆ ಅವಕ್ಕೆ ಗುರುತಿನ ಅಕ್ಷರಗಳೇ ಇವೆ: ಸೇಫ್ಟಿ ತೆಗೆದಾಗ ಹಾರಿದ್ದಕ್ಕೆ ಎಫ್‌ಎಸ್‌ಆರ್, ಬೋಲ್ಟ್ ತೆರೆದಾಗ ಹಾರಿದ್ದಕ್ಕೆ ಎಫ್‌ಬಿಒ, ಮುಚ್ಚಿದಾಗ ಹಾರಿದ್ದಕ್ಕೆ ಎಫ್‌ಬಿಸಿ. ಖಾಲಿ ಕೋವಿಯನ್ನು ಬೆಂಚಿನ ಹಿಡಿತದಲ್ಲಿ ಕೂರಿಸುತ್ತೀರಿ. ಬೋಲ್ಟ್ ಎಳೆದು ಜೋರಾಗಿ ಮುಚ್ಚುತ್ತೀರಿ. ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಟ್ಟು, ಸೇಫ್ಟಿ ತೆಗೆಯುತ್ತೀರಿ. ಪಿನ್ ಬೀಳುವುದಿಲ್ಲ. ಕುಂದಕ್ಕೆ ಸುತ್ತಿಗೆಯಿಂದ ತಟ್ಟುತ್ತೀರಿ. ಮತ್ತೆ ಮತ್ತೆ ಅದನ್ನೇ ಮಾಡುತ್ತೀರಿ. ಬೀಳುವುದಿಲ್ಲ. ನೀವು ಕಳ್ಳರಲ್ಲ, ಸೋಮಾರಿಗಳೂ ಅಲ್ಲ. ನಿಮ್ಮ ಕಣ್ಣಿಗೆ ಬಿದ್ದದ್ದನ್ನೇ ವರದಿಯಲ್ಲಿ ಬರೆಯುತ್ತೀರಿ: ಗ್ರಾಹಕರು ಹೇಳಿದ ತೊಂದರೆ ನಮ್ಮ ಪರೀಕ್ಷೆಯಲ್ಲಿ ಮರುಕಳಿಸಲಿಲ್ಲ.

ಈ ಬೆಂಚಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಕತೆ ಇಲ್ಲಿದೆ.

ಕಾಡಿನಲ್ಲಿ ಸೇಫ್ಟಿ ತೆಗೆದಾಗ ಗುಂಡು ಹಾರಿತಲ್ಲ, ಆ ಹಾರಿದ ಹೊಡೆತಕ್ಕೇ ಸಂದಿನಲ್ಲಿದ್ದ ಸಿಬಿರು ಉದುರಿಹೋಗಬಹುದು. ಹರಳುಗಟ್ಟಿದ್ದ ತೇವ ಗಾಡಿಯ ಬಿಸಿಗೆ ಕರಗಿರುತ್ತದೆ. ಕನೆಕ್ಟರ್ ತನ್ನ ಜಾಗಕ್ಕೆ ತಾನೇ ಮರಳಿರುತ್ತದೆ. ಅಂಚೆಯಲ್ಲಿ ಬಂದು ಬೆಂಚೇರುವಾಗ ಅದು ಆರೋಗ್ಯವಂತ ಕೋವಿ. ಸಾಕ್ಷಿಯನ್ನು ಅಳಿಸುವ ಗುಣ ದೋಷದಲ್ಲಿಯೇ ಇದೆ. ಇಂಥ ದೋಷವನ್ನು ಕಾರ್ಖಾನೆಯಿಂದ ಹೊರಡುವ ಮುನ್ನ ಮಾಡುವ ತಪಾಸಣೆ ಹಿಡಿಯಲಾರದು, ಹತ್ತು ಸಲ, ನೂರು ಸಲ ಬೋಲ್ಟ್ ಎಳೆದು ನೋಡಿದರೂ ಹಿಡಿಯಲಾರದು. ಮೂರು ಸಾವಿರ ಮೈಲಿ ದೂರದ ಯಾವುದೋ ಗುಡ್ಡದಲ್ಲಿ, ಯಾವುದೋ ಚಳಿಯಲ್ಲಿ, ಯಾವುದೋ ಕೋವಿಯಲ್ಲಿ ಒಮ್ಮೆ ಕಾಣಿಸಿಕೊಂಡು ಮರೆಯಾಗುವಂಥದ್ದು ಅದು. ಅದನ್ನು ಹಿಡಿಯಬಲ್ಲ ಒಂದೇ ಸಾಧನ ಆ ಗ್ರಾಹಕ ಬರೆದ ಕಾಗದ. ಒಂದು ಕಾಗದ ಏನನ್ನೂ ಸಾಬೀತು ಮಾಡದು. ಒಬ್ಬರನ್ನೊಬ್ಬರು ಅರಿಯದ ನೂರಾರು ಜನ, ಬೇರೆ ಬೇರೆ ರಾಜ್ಯಗಳಿಂದ, ಒಂದೇ ಮಾತನ್ನು ಬರೆದಾಗ ಅದು ಪುರಾವೆಯಲ್ಲದೆ ಇನ್ನೇನು?

ಇಂಥ ದೂರುಗಳು ಸಾವಿರಗಟ್ಟಲೆ ಬಂದಿದ್ದವೆಂಬುದು ಮುಂದೆ ನ್ಯಾಯಾಲಯಗಳಲ್ಲಿ ಕಡತಗಳು ತೆರೆದಾಗ ಹೊರಬಿತ್ತು. ಪ್ರತಿಯೊಬ್ಬರಿಗೂ ಅವರ ಕೋವಿಯ ವರದಿ ಮಾತ್ರ ಹೋಯಿತು. ನಿಮ್ಮ ಹಾಗೆಯೇ ಇನ್ನೂ ಹಲವರು ಬರೆದಿದ್ದಾರೆ ಎಂಬ ಒಂದು ಸಾಲು ಸೇರಿಸಿದ್ದರೆ ಆ ಮನುಷ್ಯ ತನ್ನ ಬೆರಳನ್ನು ಅನುಮಾನಿಸುವುದನ್ನು ಬಿಟ್ಟು ಕೋವಿಯನ್ನು ಅನುಮಾನಿಸುತ್ತಿದ್ದ. ಗ್ರಾಹಕ ಸೇವೆ ಎಂದರೆ ಬೇಗ ಉತ್ತರ ಬರೆಯುವುದು, ಸವಿಯಾಗಿ ಮಾತಾಡುವುದು ಎಂದು ನಾವು ತಿಳಿದಿದ್ದೇವೆ. ಕೋವಿಯ ವಿಷಯದಲ್ಲಿ ಆ ಒಂದು ಸಾಲೇ ಸೇವೆ. ದುರಸ್ತಿ ಬೆಂಚಿಗೂ ವಿನ್ಯಾಸದ ಮೇಜಿಗೂ ನಡುವಿನ ಬಾಗಿಲು ತೆರೆದಿರದಿದ್ದರೆ ತಪಾಸಣೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅದು ಕುರುಡು.

1979ರ ಜನವರಿ. ಕಂಪನಿಯ ಉತ್ಪನ್ನ ಸುರಕ್ಷತೆಯ ಉಪಸಮಿತಿ ಕೂತಿದೆ. ಹಿಂದಿನ ವರ್ಷವಷ್ಟೇ ದೊಡ್ಡ ಪೆಟ್ಟು ಬಿದ್ದಿದೆ. ಟೆಕ್ಸಾಸ್‌ನಲ್ಲಿ ವಕೀಲರೊಬ್ಬರ ಮಗ ಗಾಡಿಯಲ್ಲಿ ಕಂಪನಿಯದೇ ಇನ್ನೊಂದು ರೈಫಲ್ ಮಾಡೆಲ್ 600ನ್ನು ಖಾಲಿ ಮಾಡಲೆಂದು ಸೇಫ್ಟಿ ತೆಗೆದಾಗ ಗುಂಡು ಹಾರಿ ತಂದೆಗೆ ತಗುಲಿತು, ಅವರ ಕಾಲು ಶಾಶ್ವತವಾಗಿ ಬಿದ್ದುಹೋದವು. ಕಂಪನಿ 68 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು, ಮಾಡೆಲ್ 600ನ್ನು ಹಿಂದಕ್ಕೆ ಕರೆಸಿತು. ಈಗ ಪ್ರಶ್ನೆ: 700ನ್ನೂ ಕರೆಸಬೇಕೇ? ಸೇಫ್ಟಿಯನ್ನು ಎರಡು ಗುರುತುಗಳ ನಡುವೆ ನಿಲ್ಲಿಸಿ ಟ್ರಿಗರ್ ಎಳೆದು, ಆಮೇಲೆ ಸೇಫ್ಟಿ ಪೂರ್ತಿ ತೆಗೆದರೆ ಹಾರುತ್ತದೆಯೇ ಎಂದು ಹಳೆಯ ಕೋವಿಗಳನ್ನು ನೋಡಿದ್ದಾರೆ. ಕನೆಕ್ಟರ್ ಸಂದಿನ ತೊಂದರೆಗಿಂತ ಇದು ಬೇರೆ, ಆದರೆ ಕೊನೆಗೆ ಆಗುವುದು ಅದೇ. ಹೊರಗಿರುವ ಸುಮಾರು 20 ಲಕ್ಷ ಹಳೆಯ ರೈಫಲ್‌ಗಳಲ್ಲಿ ನೂರಕ್ಕೊಂದು ಹೀಗೆ ಹಾರಬಹುದೆಂದು ಅಂದಾಜು.

ಮೇಜಿನ ಸುತ್ತ ಕೂತು ಈ ಲೆಕ್ಕ ನೀವೂ ಮಾಡಿ. 20 ಲಕ್ಷಕ್ಕೆ ನೂರಕ್ಕೊಂದರಂತೆ 20,000. ಇಪ್ಪತ್ತು ಸಾವಿರ ಕೋವಿ ಹುಡುಕಲು ಇಪ್ಪತ್ತು ಲಕ್ಷ ಕೋವಿಗಳನ್ನು ತರಿಸಬೇಕು. ಸಭೆಯ ನಡಾವಳಿಯಲ್ಲಿ ಇದನ್ನು ಬರೆದಿಟ್ಟು, ಕರೆಸುವುದು ಬೇಡವೆಂದು ತೀರ್ಮಾನಿಸಿದರು. ಅದೇ ಲೆಕ್ಕವನ್ನು ನಾನು ತಿರುಗಿಸಿ ಓದುತ್ತೇನೆ: ಇಪ್ಪತ್ತು ಸಾವಿರ ಮನೆಗಳಲ್ಲಿ ಅಂಥ ಕೋವಿಯಿದೆಯೆಂದು ಆ ಸಂಜೆ ಕೋಣೆ ಬಿಟ್ಟು ಎದ್ದವರಿಗೆಲ್ಲ ಗೊತ್ತಿತ್ತು. 1982ರಲ್ಲಿ ಹೊಸ ಕೋವಿಗಳಿಂದ ಬೋಲ್ಟ್ ಬೀಗ ತೆಗೆದುಹಾಕಿದರು, ಸೇಫ್ಟಿ ಹಾಕಿಯೇ ಖಾಲಿ ಮಾಡುವಂತಾಯಿತು. ಒಳ್ಳೆಯ ಬದಲಾವಣೆಯೇ. ಆಗಲೇ ಮಾರಿದ್ದ ಕೋವಿಗಳು ಇದ್ದಂತೆಯೇ ಉಳಿದವು, ಕನೆಕ್ಟರ್ ಹೊಸದರಲ್ಲೂ ಉಳಿಯಿತು. 1994ರಲ್ಲಿ, ಇದೇ ರೈಫಲ್ಲಿನ ಗುಂಡಿಗೆ ಪಾದ ಕಳೆದುಕೊಂಡಿದ್ದವರೊಬ್ಬರಿಗೆ ಟೆಕ್ಸಾಸ್‌ನ ಜ್ಯೂರಿ ಒಂದೂಮುಕ್ಕಾಲು ಕೋಟಿ ಡಾಲರಿನ ಹತ್ತಿರ ಪರಿಹಾರ ವಿಧಿಸಿತು. ತಮ್ಮ ರೈಫಲ್ ಸುರಕ್ಷಿತ, ಬಳಸುವವರ ತಪ್ಪು ಅಥವಾ ಸರಿಯಾಗಿ ನೋಡಿಕೊಳ್ಳದಿರುವುದೇ ಕಾರಣ ಎಂಬುದು ಕಂಪನಿಯ ನಿಲುವು. ಅದನ್ನು ಅವರು ಎಂದೂ ಬಿಟ್ಟುಕೊಡಲಿಲ್ಲ.

2000ನೇ ಇಸವಿಯ ಅಕ್ಟೋಬರ್, ಮೊಂಟಾನಾ. ಬಾರ್ಬರ್ ಎಂಬ ಕುಟುಂಬ ಬೇಟೆ ಮುಗಿಸಿ ಮರಳಿದೆ. ತಾಯಿ ಮಾಡೆಲ್ 700 ರೈಫಲ್ಲನ್ನು ಖಾಲಿ ಮಾಡಲೆಂದು ಸೇಫ್ಟಿ ತೆಗೆಯುತ್ತಾರೆ. ನಳಿಗೆ ಯಾರ ಕಡೆಗೂ ಇಲ್ಲ, ಕುದುರೆ ಸಾಗಿಸುವ ಟ್ರೇಲರಿನ ಕಡೆಗಿದೆ. ಗುಂಡು ಟ್ರೇಲರನ್ನು ತೂರಿಕೊಂಡು ಹೋಗುತ್ತದೆ. ಆಚೆ ಬದಿಯಲ್ಲಿ ಅವರ ಒಂಬತ್ತು ವರ್ಷದ ಮಗ ಗಸ್ ನಿಂತಿದ್ದ.

ಇಲ್ಲಿ ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಲಾರೆ.

ತಂದೆ ರಿಚರ್ಡ್ ಬಾರ್ಬರ್ ಮಗನಿಗೆ ಕೊಟ್ಟ ಮಾತಿನಂತೆ ಆಮೇಲಿನ ವರ್ಷಗಳನ್ನು ಕಡತ ಹುಡುಕುವುದರಲ್ಲಿ ಕಳೆದರು. ನಲವತ್ತರ ದಶಕದ ವರದಿಗಳು, ನಡಾವಳಿಗಳು, ದೂರಿನ ಪಟ್ಟಿಗಳು ಒಂದೊಂದಾಗಿ ಅವರ ಕೈಸೇರಿದವು. ಆ ಸಾವಿನ ಬಳಿಕ ಕಂಪನಿ ಹಳೆಯ ರೈಫಲ್‌ಗಳ ಬೋಲ್ಟ್ ಬೀಗ ತೆಗೆದುಕೊಡುವ ಯೋಜನೆ ಶುರುಮಾಡಿತು. ಕನೆಕ್ಟರನ್ನು ಮಾತ್ರ ಮುಟ್ಟಲಿಲ್ಲ. 2010ರಲ್ಲಿ ಸಿಎನ್‌ಬಿಸಿ ವಾಹಿನಿ ಈ ಕಡತಗಳನ್ನು ದೇಶಕ್ಕೆಲ್ಲ ತೋರಿಸಿದಾಗ ಮೈಕ್ ವಾಕರ್ ಇನ್ನೂ ಬದುಕಿದ್ದರು, ವಯಸ್ಸು 98. ತಾವು ಅಂದು ಸೂಚಿಸಿದ್ದ ಸುಧಾರಣೆ ಖರ್ಚಿನ ಕಾರಣಕ್ಕೆ ನಿಂತಿತೆಂದು ಅವರು ಹೇಳಿದರು.

ಓದುಗರಿಗೆ ಇಷ್ಟರಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ. ಸರ್ಕಾರ ಎಲ್ಲಿತ್ತು? ಕಾರಿನ ಬ್ರೇಕು ಕೆಟ್ಟರೆ, ತೊಟ್ಟಿಲಿನ ಸರಳು ಮಗುವಿನ ಕುತ್ತಿಗೆಗೆ ಸಿಕ್ಕಿದರೆ ಅಮೆರಿಕದಲ್ಲಿ ಹಿಂದಕ್ಕೆ ಕರೆಸಲು ಆದೇಶಿಸುವ ಕಚೇರಿಗಳಿವೆ. ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗ ಹುಟ್ಟಿದ್ದು 1972ರ ಕಾನೂನಿನಿಂದ. ಆ ಕಾನೂನೇ ಬಂದೂಕು ಮತ್ತು ತೋಟಾಗಳನ್ನು ಆಯೋಗದ ಕೈಯಿಂದ ಹೊರಗಿಟ್ಟಿತು. ಆಯೋಗ ಆಟಿಕೆ ಬಂದೂಕಿನ ಮೇಲೆ ಕ್ರಮ ಕೈಗೊಳ್ಳಬಹುದು, ನಿಜವಾದದ್ದರ ಮೇಲೆ ಕೈಗೊಳ್ಳಲಾರದು. ತಯಾರಕರದೇ ಸಂಸ್ಥೆಯೊಂದಿದೆ, 1926ರಲ್ಲಿ ಶುರುವಾದ ಸಾಮಿ. ಎಷ್ಟೆತ್ತರದಿಂದ ಬಿದ್ದರೆ ಕೋವಿ ಹಾರಬಾರದು, ಯಾವ ಪೆಟ್ಟಿಗೆ ಸಿಯರ್ ಜಾರಬಾರದು ಎಂದು ಅದು ಅಳತೆಗಳನ್ನು ಬರೆದಿದೆ. ಒಳ್ಳೆಯ ಅಳತೆಗಳೇ. ಒಪ್ಪುವುದು ಬಿಡುವುದು ಅವರವರ ಇಷ್ಟ.

ಬೇರೊಂದು ದಾರಿಯೂ ಇತ್ತು ಎಂಬುದನ್ನು ನೋಡಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬನ್ನಿ. ಬ್ಯಾನ್‌ಬರಿ ಬೀದಿಯಲ್ಲಿ ಇಟ್ಟಿಗೆಯ ಹಳೆಯ ಕಟ್ಟಡ, ಬಾಗಿಲ ಮೇಲೆ ಆಯುಧಗಳ ಕೆತ್ತನೆ. 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಸ್ಥಾಪನೆಯಾದ ಪ್ರೂಫ್ ಹೌಸ್ ಇದು. ಊರಿನ ಕೋವಿ ತಯಾರಕರೇ ಬೇಡಿ ಪಡೆದದ್ದು, ಕಳಪೆ ನಳಿಗೆಗಳಿಂದ ಊರಿನ ಹೆಸರೇ ಕೆಡುತ್ತದೆಂದು. ದಪ್ಪ ಗೋಡೆಯ ಕೋಣೆಯಲ್ಲಿ ಕೋವಿಯನ್ನು ಬಿಗಿದು, ಮಾಮೂಲಿಗಿಂತ ಬಲವಾದ ತೋಟಾ ತುಂಬಿ, ದೂರದಿಂದ ಹಾರಿಸುತ್ತಾರೆ. ನಳಿಗೆ ಉಬ್ಬದೆ ಸೀಳದೆ ಉಳಿದರೆ ಮಾತ್ರ ಮುದ್ರೆ. ಮುದ್ರೆಯಿಲ್ಲದ ಕೋವಿ ಮಾರುವುದು ಅಪರಾಧ. ಅಲ್ಲಿ ತಯಾರಾದ ಹಳೆಯ ಜೋಡುನಳಿಗೆ ನಿಮ್ಮ ಮನೆಯಲ್ಲಿದ್ದರೆ ಬಿಚ್ಚಿ, ನಳಿಗೆಯ ತಳ ನೋಡಿ, ಕಿರೀಟದ ಪುಟ್ಟ ಗುರುತು ಕಾಣುತ್ತದೆ. ಒತ್ತಿದವನು ತಯಾರಕನಲ್ಲ, ಬೇರೊಬ್ಬ. ಟ್ರಿಗರ್ರಿನ ಸಂದಿನಲ್ಲಿ ಅಡಗಿದ ಸಿಬಿರನ್ನು ಆ ಕೋಣೆಯೂ ಹಿಡಿಯುತ್ತಿರಲಿಲ್ಲ, ಅದು ನೋಡುವುದು ನಳಿಗೆಯ ಬಲವನ್ನು. ಆದರೆ ಮಾರುವವನ ಮಾತಿಗೆ ಮಾರುವವನೇ ಜಾಮೀನು ನಿಲ್ಲಬಾರದೆಂಬ ತತ್ವ ಅಲ್ಲಿ ಕಾನೂನಾಗಿದೆ. ಅಮೆರಿಕದಲ್ಲಿ ಅಂಥ ಮನೆಯೇ ಇಲ್ಲ. ಉಳಿದದ್ದು ನ್ಯಾಯಾಲಯ, ಅದೂ ಯಾರಿಗಾದರೂ ಗುಂಡು ತಗುಲಿದ ಮೇಲೆ.

2006ರಲ್ಲಿ ಕಂಪನಿ ಕೊನೆಗೂ ಕನೆಕ್ಟರ್ ಇಲ್ಲದ ಹೊಸ ಟ್ರಿಗರ್ ತಂದಿತು, ಹೆಸರು ಎಕ್ಸ್‌ಮಾರ್ಕ್ ಪ್ರೊ. ಸಮಾಧಾನದ ನಿಟ್ಟುಸಿರು ಬಿಡುವ ಹಾಗಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಅದನ್ನೂ ಹಿಂದಕ್ಕೆ ಕರೆಸಬೇಕಾಯಿತು: ಜೋಡಣೆಯ ವೇಳೆ ತಿರುಪುಗಳಿಗೆ ಹಾಕುವ ಅಂಟು ಹೆಚ್ಚಾಗಿ ಒಳಗೆ ಹರಿದು, ಕೋವಿ ತಾನಾಗಿ ಹಾರುವ ಸಂಭವ ಕಂಡಿತ್ತು. 2006ರ ಮೇ 1ರಿಂದ 2014ರ ಏಪ್ರಿಲ್ 9ರ ತನಕ ತಯಾರಾದದ್ದೆಲ್ಲ ಈ ಕರೆಗೆ ಒಳಪಟ್ಟಿತು. ವಿನ್ಯಾಸ ಸುಧಾರಿಸಿತ್ತು, ಈ ಸಲ ತಪ್ಪಿದ್ದು ಜೋಡಣೆ ಸಾಲಿನ ಕೈ. ಎಂಟು ವರ್ಷ ಆ ಹೆಚ್ಚುವರಿ ಹನಿ ಯಾವ ತಪಾಸಣೆಗೂ ಸಿಗದೆ ಸಾಗಿಬಂದಿತ್ತು.

ಆದರೂ ಈ ಸಲದ ನಡವಳಿಕೆ ಬೇರೆ ಎಂದು ಒಪ್ಪಲೇಬೇಕು. ಕೋವಿ ಬಳಸುವುದನ್ನು ಈಗಲೇ ನಿಲ್ಲಿಸಿ ಎಂದು ಬಹಿರಂಗವಾಗಿ ಹೇಳಿದರು. ಸಾಗಣೆ, ತಪಾಸಣೆ, ಶುಚಿಮಾಡಿ ಮರಳಿಸುವುದು ಎಲ್ಲವೂ ಉಚಿತ. ನಿಮ್ಮದು ಯಾವ ಟ್ರಿಗರ್ ಎಂದು ಗುರುತಿಸುವ ಬಗೆಯನ್ನೂ ಮಗುವಿಗೂ ತಿಳಿಯುವಂತೆ ವಿವರಿಸಿದರು: ಬೆರಳು ತಾಗುವ ಮುಖ ನುಣುಪಾಗಿದ್ದರೆ ಹೊಸದು, ಉದ್ದುದ್ದ ಗೀರುಗಳಿದ್ದರೆ ಹಳೆಯದು. 1978ರ ನಂತರವೇ 700ಕ್ಕೂ ಇಂಥದೊಂದು ಪ್ರಕಟಣೆ ಹೊರಟಿದ್ದರೆ ಎಂದು ಯೋಚಿಸದೆ ಇರಲು ನನಗಾಗುವುದಿಲ್ಲ.

2014ರ ಡಿಸೆಂಬರಿನಲ್ಲಿ, ಹಳೆಯ ಟ್ರಿಗರ್ರಿನ ಬಗ್ಗೆ ಕೋವಿ ಮಾಲೀಕರು ಹೂಡಿದ್ದ ದಾವೆಯಲ್ಲೂ ರಾಜಿಯಾಯಿತು. ತಪ್ಪನ್ನು ಒಪ್ಪಿಕೊಳ್ಳದೆಯೇ, ಸುಮಾರು 75 ಲಕ್ಷ ಕೋವಿಗಳಿಗೆ ಪರಿಹಾರ ಒದಗಿಸಲು, ಅವುಗಳಲ್ಲಿ ಬಹುಪಾಲಿಗೆ ಹೊಸ ಟ್ರಿಗರ್ ಉಚಿತವಾಗಿ ಹಾಕಿಕೊಡಲು ಕಂಪನಿ ಒಪ್ಪಿತು. ಕ್ಯಾನ್ಸಸ್ ಸಿಟಿಯ ನ್ಯಾಯಾಲಯ 2017ರಲ್ಲಿ ಅದಕ್ಕೆ ಒಪ್ಪಿಗೆ ಕೊಡುವ ಹೊತ್ತಿಗೆ ಅರ್ಜಿ ಹಾಕಿದ್ದವರು ಸುಮಾರು 22,000 ಜನ. ಸಾವಿರಕ್ಕೆ ಮೂವರು. ಉಳಿದವರಿಗೆ ಸುದ್ದಿಯೇ ತಲುಪಲಿಲ್ಲವೋ, ತಲುಪಿದರೂ ಅಪ್ಪನ ಕೋವಿ, ಅಜ್ಜನ ಕೋವಿ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದು ಸುಮ್ಮನಾದರೋ. ಅರವತ್ತು ವರ್ಷ ನಿಮ್ಮ ಕೋವಿಯಲ್ಲಿ ಏನೂ ತೊಂದರೆಯಿಲ್ಲ ಎಂದು ಹೇಳಿಸಿಕೊಂಡ ಜನ ಒಂದು ಜಾಹೀರಾತು ಕಂಡ ಕೂಡಲೇ ಓಡಿ ಬರುತ್ತಾರೆಯೇ? ಅರ್ಜಿಯ ಬಾಗಿಲು 2020ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದೇ ವರ್ಷ ಕಂಪನಿ ಎರಡನೇ ಸಲ ದಿವಾಳಿ ಅರ್ಜಿ ಹಾಕಿ ತುಂಡುತುಂಡಾಗಿ ಮಾರಾಟವಾಯಿತು. ಹೆಸರು ಕೊಂಡ ಹೊಸ ಒಡೆಯರು 2024ರ ಮಾರ್ಚಿನಲ್ಲಿ ಇಲಿಯನ್ ಕಾರ್ಖಾನೆಗೆ ಬೀಗ ಹಾಕಿ ಜಾರ್ಜಿಯಾ ರಾಜ್ಯಕ್ಕೆ ಹೋದರು. ಸುಮಾರು 270 ಕೆಲಸಗಾರರು ಮನೆಗೆ ನಡೆದರು. ಬದಲಿಸದ ಟ್ರಿಗರ್ರುಗಳು ಇನ್ನೂ ಹೊರಗಿವೆ.

ಅವುಗಳಲ್ಲೊಂದು ನಿಮ್ಮ ಮುಂದಿದೆ. ಯಾವುದೋ ಊರಿನ ಹಳೆಯ ಕೋವಿಗಳ ಅಂಗಡಿ, ಗಾಜಿನ ಕೌಂಟರು, ಮೇಲೆ ಮಾಡೆಲ್ 700. ಕುಂದದ ಮೇಲೆ ಒಬ್ಬ ಬೇಟೆಗಾರನ ಇಡೀ ಜೀವಮಾನದ ಗೀರುಗಳಿವೆ, ನಳಿಗೆ ಒಳಗೆ ಕನ್ನಡಿಯಂತೆ ಹೊಳೆಯುತ್ತದೆ. ಬೆಲೆಯೂ ಸಲೀಸು. ಅಂಗಡಿಯವರು ಒಳ್ಳೆಯವರು, ಬೋಲ್ಟ್ ತೆರೆದು ಖಾಲಿಯಿದೆಯೆಂದು ಮೊದಲು ತೋರಿಸಿ ಆಮೇಲೆ ಕೈಗೆ ಕೊಡುತ್ತಾರೆ. ನೀವು ಟ್ರಿಗರ್ರಿನ ಮುಖವನ್ನು ಉಗುರಿನಿಂದ ಸವರುತ್ತೀರಿ. ಗೀರುಗಳಿವೆ.

"ಇದನ್ನು ಬದಲಿಸಿಕೊಡುತ್ತಾರಾ?" ಎಂದು ಕೇಳುತ್ತೀರಿ.

"ಆ ಅವಧಿ ಮುಗಿದುಹೋಯ್ತು ಸಾರ್. ಬೇರೆ ಕಂಪನಿಯ ಟ್ರಿಗರ್ ಸಿಗುತ್ತೆ, ನೀವೇ ದುಡ್ಡು ಕೊಟ್ಟು ಹಾಕಿಸಬೇಕು."

ಕೊಡುತ್ತೀರಿ. ಹಿಂದಿನ ಕೋಣೆಯಲ್ಲಿ ಕೋವಿ ದುರಸ್ತಿಗಾರರು ಎರಡು ಪಿನ್ನು ತಟ್ಟಿ ಹೊರತೆಗೆದು ಹಳೆಯ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ಕೂರಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಅವರು ಕೋವಿಯನ್ನು ನಿಮಗೆ ಕೊಡುವುದಿಲ್ಲ. ಖಾಲಿ ಕೋವಿಯನ್ನು ಹಿಡಿತಕ್ಕೆ ಬಿಗಿದು ಬೋಲ್ಟ್ ಜೋರಾಗಿ ಮುಚ್ಚುತ್ತಾರೆ. ಸೇಫ್ಟಿ ಹಾಕುತ್ತಾರೆ, ಟ್ರಿಗರ್ ಎಳೆದು ಬಿಡುತ್ತಾರೆ, ಸೇಫ್ಟಿ ತೆಗೆಯುತ್ತಾರೆ, ಪಿನ್ ಬಿತ್ತೇ ಎಂದು ಕಿವಿಗೊಡುತ್ತಾರೆ. ರಬ್ಬರಿನ ಸುತ್ತಿಗೆಯಿಂದ ಕುಂದಕ್ಕೆ ಹೊಡೆಯುತ್ತಾರೆ. ಮತ್ತೆ ಬೋಲ್ಟ್, ಮತ್ತೆ ಸೇಫ್ಟಿ. ಆಮೇಲೆ ಒಂದು ಚೀಟಿಯಲ್ಲಿ ತಮ್ಮ ಫೋನ್ ನಂಬರ್ ಬರೆದು ನಿಮ್ಮ ಕೈಗಿಡುತ್ತಾರೆ. "ಕಾಡಲ್ಲಿ ಇದು ಒಂದೇ ಒಂದು ಸಲ ಎಡವಟ್ಟು ಮಾಡಿದರೂ ಫೋನ್ ಮಾಡಿ. ಇಲ್ಲಿ ತಂದ ಮೇಲೆ ಸರಿಯಾಗಿಯೇ ಕಂಡರೂ ಪರವಾಗಿಲ್ಲ, ನಿಮ್ಮ ಮಾತು ನಂಬುತ್ತೇನೆ."